ಸಿನಿಮಾದಲ್ಲಿ ಓಡಿಹೋದವನು

ವಡಗಾವಿ, ಬೆಳಗಾವಿ
ನವೆಂಬರ್ ೧೬, ೨೦೨೫

ಪ್ರೀತಿಯ ಶರ್ವರಿ,

ಜೈ ಜಿನೇಂದ್ರ. ಸಾಂಗಲಿಯಲ್ಲಿ ನೀನು, ಅಳಿಯಂದಿರು, ಪುಟ್ಟ ಸಂಯಮ ಎಲ್ಲರೂ ಆರಾಮ ಇದ್ದೀರೆಂದುಕೊಂಡಿದ್ದೇನೆ. ಸಂಯಮನ ಕೆಮ್ಮು ಕಡಿಮೆಯಾಯಿತೆ? ಬರೆಯಬೇಕು, ಬರೆಯಬೇಕು ಅಂದುಕೊಳ್ಳುತ್ತಲೇ ಇಷ್ಟು ತಡಮಾಡಿದೆ, ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಅವತ್ತು ನೀನು "ಮಂದ್ಯಾಗ ಅಪ್ಪನ ಮಾನ ಕಳದಿ ಅವ್ವಾ" ಎಂದು ಫೋನ್ ಇಟ್ಟ ಮೇಲೆ ಮತ್ತೆ ಹಚ್ಚಲು ಧೈರ್ಯವಾಗಲಿಲ್ಲ. ನೀನು ಅತ್ತರೆ ನನಗೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಕಾಗದದಲ್ಲಾದರೆ ಕೊನೆಯತನಕ ಹೇಳಬಹುದು.

ನಡೆದದ್ದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಮ್ಮೆ ಬರೆಯುತ್ತೇನೆ. ನಿಮ್ಮಪ್ಪನ ಮೇಲೆ ತೆಗೆದ ಆ ಸಿನಿಮಾ ನೋಡಿದ ಮೇಲೆ ಯಾವುದು ನಡೆದದ್ದು, ಯಾವುದು ಅವರು ತೋರಿಸಿದ್ದು ಎಂದು ನನಗೇ ಕಲಸಿಹೋಗುತ್ತಿದೆ. ಆರು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ನಿಮ್ಮಪ್ಪ ಖಾನಾಪುರದ ಹೆಂಚಿನ ಕಾರ್ಖಾನೆಯ ಹೆಂಗಸರನ್ನು ಅವರವರ ಊರಿಗೆ ಬಿಡಲು ಮಿನಿಬಸ್ ಒಯ್ಯುತ್ತಿದ್ದರು. ಜೊತೆಗೆ ಕ್ಲೀನರ್ ಗುರುಪುತ್ರಪ್ಪ ಕಾಕಾ. ಸಣ್ಣ ಸೇತುವೆಯ ಮೇಲೆ ಹಳ್ಳದ ನೀರು ಒಮ್ಮೆಲೇ ಏರಿ ಬಸ್ಸು ಓರೆಯಾಗಿ ನಿಂತಿತು. ಕಾಕಾ ಈಜಿ ದಂಡೆ ಸೇರಿ, ಬಸ್ಸಿಗೆ ಕಟ್ಟಿದ್ದ ಹಗ್ಗದ ಇನ್ನೊಂದು ತುದಿಯನ್ನು ಮರಕ್ಕೆ ಸುತ್ತಿ ಹಿಡಿದು ನಿಂತರು. ನಿಮ್ಮಪ್ಪ ಒಬ್ಬೊಬ್ಬ ಹೆಂಗಸನ್ನೂ ಕಿಟಕಿಯಿಂದ ಇಳಿಸಿ ಆ ಹಗ್ಗ ಹಿಡಿಸಿ ಕಳಿಸಿದರು. ಹೆಂಗಸರೆಲ್ಲ ದಂಡೆ ಸೇರಿದರು. ಇನ್ನು ತಾವು ಇಳಿಯಬೇಕು ಎನ್ನುವಷ್ಟರಲ್ಲಿ ಬಸ್ಸು ಮಗುಚಿತು. ಕಾಕಾನ ಎರಡೂ ಅಂಗೈಗಳ ಚರ್ಮ ಹಗ್ಗಕ್ಕೆ ಕಿತ್ತುಹೋಗಿತ್ತು. ಸೂತಕದ ಮನೆಗೆ ಬಂದಾಗ ಬಟ್ಟೆ ಸುತ್ತಿದ ಆ ಕೈಗಳನ್ನು ಜೋಡಿಸಲೂ ಅವರಿಗೆ ಆಗಲಿಲ್ಲ.

ಸಿನಿಮಾದಲ್ಲಿ ನಿಮ್ಮಪ್ಪ ಒಬ್ಬರೇ. ಕ್ಲೀನರ್ ಹೆಂಗಸರನ್ನು ತಳ್ಳಿ, ತಾನೇ ಮೊದಲು ಹಾರಿ, ಕತ್ತಲಲ್ಲಿ ಓಡಿಹೋಗುತ್ತಾನೆ.

ಬೆಳಗಾವಿಯ ಥೇಟರಿನಲ್ಲಿ ನನ್ನ ಬಾಜು ನಿಮ್ಮ ಸೋದರತ್ತೆ ಸೋನಾಬಾಯಿ ಕುಳಿತಿದ್ದರು. ಉದ್ದಕ್ಕೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನನ್ನ ತಮ್ಮ ದೇವರಾದ ನೋಡ" ಎನ್ನುತ್ತಿದ್ದರು. ಕ್ಲೀನರ್ ಓಡುವಾಗ ಹಿಂದಿನಿಂದ ಯಾರೋ, "ಒದೀರಿ ಆ ಹಲ್ಕಟ್‌ಗ!" ಎಂದು ಕೂಗಿದರು. ಇಡೀ ಥೇಟರು ಹೌದೆಂದಿತು.

ಸಿನಿಮಾದವರು ಕಥೆ ಕೇಳಲು ಮನೆಗೆ ಬಂದಾಗಲೇ ನಾನು ಹಗ್ಗದ ವಿಷಯ ಬಿಡಿಸಿ ಹೇಳಿದ್ದೆ. ಸಿನಿಮಾ ನೋಡಿದ ಮರುದಿನ ನಿರ್ದೇಶಕರಿಗೆ ಫೋನ್ ಮಾಡಿದರೆ, "ಅವರ ಹೆಸರು ಬದಲಾಯಿಸಿದ್ದೀವಲ್ಲಮ್ಮ. ಇಬ್ಬರೂ ಒಳ್ಳೆಯವರಾದರೆ ಜನ ಯಾರ ಮೇಲೆ ಸಿಟ್ಟಾಗಬೇಕು ಹೇಳಿ?" ಎಂದರು. ಮರ್ಯಾದೆಯಿಂದಲೇ ಮಾತಾಡಿದರು. ಹೆಸರು ಬದಲಾಯಿಸಿದರೇನು, ಆ ಬಸ್ಸಿಗೆ ಇದ್ದವರು ಒಬ್ಬರೇ ಕ್ಲೀನರ್ ಎಂದು ಖಾನಾಪುರಕ್ಕೆಲ್ಲ ಗೊತ್ತು.

ಮನಸ್ಸು ತಡೆಯದೆ ಖಾನಾಪುರಕ್ಕೆ ಹೊರಟೆ. ಬಸ್ಸಿನಲ್ಲಿ ದೇಸೂರ ದಾಟುವವರೆಗೂ ಹಿಂದಿನ ಸೀಟಿನ ಇಬ್ಬರು ಅದೇ ಸಿನಿಮಾದ ಮೇಲೆ ವಾದ ಮಾಡುತ್ತಿದ್ದರು. "ಖರೇ ಕತಿ ಅಂತ ಹಾಕ್ಯಾರಂದ್ರ ಖರೇನ ಇರಬೇಕಲ್ಲೋ?" ಎಂದು ಒಬ್ಬ. "ಸಿನಿಮಾ ಐತಿ, ಬಿಡಪಾ. ಅಳಾಕಂತ ರೊಕ್ಕಾ ಕೊಟ್ವಿ, ಅತ್ವಿ, ಮುಗೀತು" ಎಂದು ಇನ್ನೊಬ್ಬ. ಹಿಂದೆ ತಿರುಗಿ ಏನಾದರೂ ಹೇಳಬೇಕೆನಿಸಿತು.

ಕಾಕಾನ ಹೆಂಡತಿ ಕಾಶವ್ವ ಬಾಗಿಲು ತೆಗೆದು, "ಬರ್ರಿ ಅಕ್ಕಾರ, ಕುಂದರ್ರಿ" ಎಂದಳು. ನೀರು ಕೊಟ್ಟಳು. ಮುಖ ಮಾತ್ರ ನೋಡಲಿಲ್ಲ. ಆಮೇಲೆ ತಾನೇ ಹೇಳಿದಳು: "ಸಾಲಿ ವ್ಯಾನಿನ ಕೆಲಸಕ್ಕ ಬರಬ್ಯಾಡ ಅಂದಾರ್ರಿ ನಮ್ಮವರನ್ನ. ನಾಳೆ ಹಳ್ಳ ಬಂದ್ರ ನಮ್ಮ ಹುಡುಗೂರ್ನೂ ಬಿಟ್ಟ ಓಡ್ತಾನ ಅಂತ ತಾಯಿ-ತಂದಿ ತಕರಾರ ಮಾಡ್ಯಾರ. ಇಷ್ಟ ದಿನಾ ಇದ ಮಂದಿ ಕೈ ಮುಗೀತಿದ್ರಲ್ರಿ?"

ನಾನು ಬಂದದ್ದು ಕೇಳಿ ಪಕ್ಕದ ಓಣಿಯ ರೂಪಾಲಿ ಓಡಿಬಂದಳು. ಆ ದಿನ ಬಸ್ಸಿನಲ್ಲಿದ್ದವಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಥೇಟರಿನ್ಯಾಗ ಎದ್ದ ನಿಂತು, ಇದು ಖೋಟಾ ಐತಿ, ನಾ ಆ ಬಸ್ಸಿನ್ಯಾಗ ಇದ್ದಾಕಿ ಅಂತ ಒದರಿದ್ನಿರಿ. 'ಬಾಯಿ, ಖಾಲೀ ಬಸಾ', ಕೆಳಗ ಕುಂದರು ಅಂತ ಮರಾಠ್ಯಾಗ ಗದರಿಸಿ ಕುಂಡ್ರಿಸಿದ್ರು. ಬದುಕಿದಾಕಿ ಮಾತಿಗಿಂತ ಪಡದೆ ಮ್ಯಾಲಿನ ಮಾತ ಖರೇ ಆತ್ರಿ ಅವರಿಗೆ."

ನಿಮ್ಮಪ್ಪನ ಹೆಸರಿನಲ್ಲಿ ನನಗೆ ಇಟ್ಟುಕೊಂಡಿದ್ದ ಸನ್ಮಾನದ ದಿನ ಶಾಲು ಹೊದಿಸುವ ಮೊದಲೇ ನಾನು ಮೈಕ್ ಕೇಳಿದ್ದು ಅದಕ್ಕೇ, ಶರ್ವರಿ. ನನಗೆ ಭಾಷಣ ಬರುವುದಿಲ್ಲ. "ನಮ್ಮವರು ತಾವೊಬ್ರ ಆ ಹೆಂಗಸರನ್ನ ಉಳಿಸಲಿಲ್ರಿ. ದಂಡಿ ಮ್ಯಾಲ ಹಗ್ಗ ಹಿಡದಾವ್ರು ಗುರುಪುತ್ರಪ್ಪಾವ್ರು. ಅವರು ಓಡಿ ಹೋಗಿದ್ರ ಆ ಹೆಂಗಸರೂ ನಮ್ಮವರ ಜೋಡಿನ ಹೋಗ್ತಿದ್ರು. ಸಿನಿಮಾ ನೋಡ್ರಿ, ಅಳ್ರಿ. ಆದ್ರ ಅವರ ಮ್ಯಾಲ ಉಗಳಬ್ಯಾಡ್ರಿ" ಎಂದೆ. ಅಷ್ಟೇ. ಹಿಂದೆ ಕೆಲವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರು ತಲೆ ತಗ್ಗಿಸಿದರು. ಸೋನಾಬಾಯಿ ಎದ್ದು ಹೊರಟೇಹೋದರು, ಇನ್ನೂ ನನ್ನೊಡನೆ ಮಾತಾಡಿಲ್ಲ. ನಿರೂಪಕರು ನನ್ನ ಕೈಯಿಂದ ಮೈಕ್ ತೆಗೆದುಕೊಂಡು, "ತಾಯಿಯ ದುಃಖ ಇನ್ನೂ ಹಸಿಯಾಗಿದೆ" ಎಂದರು. ನನ್ನ ಮಾತೂ ದುಃಖದ ಲೆಕ್ಕಕ್ಕೆ ಹೋಯಿತು.

ಸಿನಿಮಾ ನೋಡಿ ನೀನು ಮೊದಲು ಹೇಳಿದ ಮಾತು ನನಗೆ ನೆನಪಿದೆ. "ಅಪ್ಪ ಎದ್ದ ಬಂದಂಗ ಆತವ್ವಾ." ಅಪ್ಪನನ್ನು ಹಾಗೆ ಕಂಡು ನೀನು ಸಂತೋಷಪಟ್ಟದ್ದನ್ನು ಕಿತ್ತುಕೊಳ್ಳಬೇಕೆಂದು ನಾನು ವೇದಿಕೆ ಹತ್ತಲಿಲ್ಲ. ಆದರೆ ಅವರು ಆ ಹಗ್ಗವನ್ನು ನಂಬಿಯೇ ಹೆಂಗಸರನ್ನು ನೀರಿಗಿಳಿಸಿದರು. ಅದನ್ನು ಹಿಡಿದವರನ್ನು ಹೇಡಿ ಎಂದರೆ, ನಿಮ್ಮಪ್ಪ ನಂಬಿದ್ದೂ ಸುಳ್ಳೇ ಆಯಿತಲ್ಲವೆ?

ನನ್ನ ಮಾತಿನಿಂದ ಏನೂ ಬದಲಾಗಲಿಲ್ಲ. ಶಾಲೆಯವರು, "ಮುಂದಿನ ವರ್ಷ ನೋಡೂಣು" ಎಂದರಂತೆ. ಕಳೆದ ವಾರ ಕಾಕಾ ಮನೆ ಖಾಲಿ ಮಾಡಿ ಕಾಶವ್ವನ ಅಣ್ಣನಿರುವ ಸಾವಂತವಾಡಿಯ ಕಡೆ ಹೋದರು. ಕಳಿಸಿಕೊಡಲು ನಾನೂ ಹೋಗಿದ್ದೆ. ರೂಪಾಲಿ ಮತ್ತು ಬಸ್ಸಿನಲ್ಲಿದ್ದ ಹೆಂಗಸರು ಟೆಂಪೋ ಹಿಡಿದುಕೊಂಡು ಅತ್ತರು. ಕಾಕಾ ಅಳಲಿಲ್ಲ. ನಿನ್ನ ಬಗ್ಗೆ ಕೇಳಿದರು. "ಶರ್ವರಿ ಮ್ಯಾಲ ಸಿಟ್ಟ ಆಗಬ್ಯಾಡ್ರಿ ವೈನಿ. ನಾನೂ ಮೂರ ಸರ್ತಿ ನೋಡೇನಿ ಆ ಸಿನಿಮಾ. ನನ್ನ ಪಾಳಿ ಬರೂದ್ರಾಗ ಎದ್ದ ಬರ್ತೇನಿ. ಅಲ್ಲೀತನಾ ಬಸ್ಸಿನ್ಯಾಗ ಅಣ್ಣಾರ ಬಾಜು ಕುಂತಂಗ ಅಕ್ಕೈತಿ" ಎಂದರು.

ಈಗಲಾದರೂ ಅವರಿಗೆ ಒಮ್ಮೆ ಫೋನ್ ಮಾಡು. ಸಿನಿಮಾದ ಮಾತು ತೆಗೆಯಬೇಡ, ಕಾಕಾ ಊಟ ಆತೇನ್ರಿ ಎಂದು ಕೇಳಿದರೆ ಸಾಕು. ಮಗುವಿಗೆ ತಂಪು ತಿನ್ನಲು ಕೊಡಬೇಡ. ನಿನ್ನ ಮನೆ ತುಂಬಿರಲಿ, ಮನಸ್ಸು ತಿಳಿಯಾಗಿರಲಿ. ನನ್ನ ಮೇಲಿನ ಸಿಟ್ಟು ಇಳಿದ ದಿನ ಬಾ.

ನಿನ್ನ ಅವ್ವ,
ಸುಹಾಸಿನಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಸಿನಿಮಾದ ಕೊನೆಗೆ, ಮುಳುಗುವ ಮುಂಚೆ, ನಿಮ್ಮಪ್ಪ "ಸುಹಾಸಿನೀ" ಎಂದು ಕೂಗುತ್ತಾರಲ್ಲ, ಥೇಟರಿನಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವಳು ನಾನು. ಟೆಂಪೋ ಹೊರಡುವ ಮುಂಚೆ ಕಾಕಾನನ್ನು ಬದಿಗೆ ಕರೆದು ಕೇಳಿಯೇಬಿಟ್ಟೆ, "ಅವರು ಖರೇನ ಕರದ್ರೇನ್ರಿ?" ಎಂದು. ಅವರು ನೆಲ ನೋಡುತ್ತ ನಿಂತರು. ಆಮೇಲೆ, "ಹೌದ್ರಿ ವೈನಿ. ಸುಹಾಸಿನಿ ಅಂತನ ಕರದ್ರು. ನನ್ನ ಕಿವೀಲೆ ಕೇಳೇನಿ" ಎಂದರು. ನಾನು ಕೈ ಮುಗಿದೆ. ಅದು ಸುಳ್ಳು, ಮಗಳೇ. ನೀನು ಹುಟ್ಟಿದ ಮೇಲೆ ನಿಮ್ಮಪ್ಪ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. "ಏ ಶರ್ವರೀ" ಎಂದೇ ಕೂಗುತ್ತಿದ್ದರು. ನೀನೂ ಓ ಎನ್ನುತ್ತಿದ್ದೆ, ನಾನೂ ಓ ಎನ್ನುತ್ತಿದ್ದೆ. ಆ ನೀರಿನಲ್ಲಿ ಅವರು ಯಾರನ್ನಾದರೂ ಕರೆದಿದ್ದರೆ ಅದು ನಿನ್ನ ಹೆಸರೇ. ಆ ಕರೆಯಲ್ಲಿ ನಾನೂ ಇದ್ದೆನೋ ಇಲ್ಲವೋ, ಯಾರನ್ನು ಕೇಳಲಿ?