ಕಟ್ಟೆಯ ಗೋಡೆಯ ಗೀರುಗಳು

ತಾತ,

ಇವತ್ತು ಬೆಳಿಗ್ಗೆ ನದಿಕಟ್ಟೆಯ ಗೋಡೆಗೆ ಗಾರೆ ಮೆತ್ತಿದರು. ನೆರೆ ಬಂದಾಗಲೆಲ್ಲ ದೋಣಿಯವರು ನೀರೇರಿದ ಮಟ್ಟಕ್ಕೆ ಉಳಿಯಿಂದ ಗೀರು ಹಾಕುತ್ತಿದ್ದ ಗೋಡೆಗೆ. ಕೊನೆಯ ನಾಲ್ಕು ಗೀರು ನೀನು ಹಾಕಿದವು.

ಗಾರೆ ಮೆತ್ತಿಸಿದ ನಮ್ಮ ಪರಂಪರೆ ಸಮಿತಿಗೆ ಊರಿನ ಇತಿಹಾಸವೆಂದರೆ ಯಾವನೋ ರಾಜ ಜ್ವರ ಬಂದು ಒಂದು ರಾತ್ರಿ ಮಲಗಿದ್ದ ಹೋಟೆಲು. ಅದಕ್ಕೊಂದು ನೀಲಿ ಸ್ಮಾರಕ ಫಲಕ, ಕಿಟಕಿಗೆ ಹೂಕುಂಡ. ಬೇಸಿಗೆಗಷ್ಟೇ ಬಂದಿಳಿಯುವ ಈ ಜನಕ್ಕೆ ನದಿ ಫೋಟೋದ ಹಿನ್ನೆಲೆ. ಚಳಿಗಾಲದ ನೆರೆಯಲ್ಲಿ ಅದು ನಮ್ಮ ಅಡುಗೆಮನೆಗೇ ಬರುತ್ತದೆಂದು ಅವರಿಗೆ ಗೊತ್ತಿಲ್ಲ.

ಅಧ್ಯಕ್ಷೆ ಹಿಲರಿ ಬ್ಲಂಡೆಲ್ ಗೋಡೆಯನ್ನು ಬೆರಳ ತುದಿಯಲ್ಲಿ ಮುಟ್ಟಿ, "ಇದೇನಿದು? ಪೋಲಿ ಹುಡುಗರು ಗೀಚಿರೋದು, ಅಲ್ವಾ?" ಅಂದಳು.

ಗಾರೆ ಕೆಲಸದ ನೆವಿಲ್, ಚಹಾ ತಂದು ನಿಂತಿದ್ದ ನನ್ನನ್ನು ತೋರಿಸಿ ನಕ್ಕ. "ಇವಳನ್ನೇ ಕೇಳಿ ಮೇಡಂ. ತಾತ ದೋಣಿಯವನು, ಇವಳು ಸಾಹಿತ್ಯ ಓದಿದೋಳು. ಕೇಳದಿದ್ರೆ ಬಾಯೇ ಬಿಡಲ್ಲ."

"ಹೇಳು ಮರಿ, ಮುಖ್ಯವಾದ್ದು ಏನಾದ್ರೂ ಇದೆಯಾ?"

ಎಲ್ಲರೂ ನನ್ನತ್ತ ತಿರುಗಿದರು. ಎಲ್ಲಕ್ಕಿಂತ ಮೇಲಿನ ಗೀರು, ನದಿ ಅಜ್ಜಿಯನ್ನು ಒಯ್ದ ವರ್ಷದ್ದು.

"ಏನೂ ಇಲ್ಲ ಮೇಡಂ," ಅಂದೆ.

ನೆವಿಲ್ ಕರಣೆ ಎತ್ತಿಕೊಂಡ. ಮೊದಲ ಪದರದಡಿ ಆ ಗೀರಿನ ಗುರುತು ಇನ್ನೂ ಕಾಣುತ್ತಿತ್ತು; ಆಗಲೂ ಹೇಳಬಹುದಿತ್ತು. ಅವನು ಎರಡನೆಯದನ್ನು ಮೆತ್ತುವವರೆಗೂ ನಾನು ಸಮಿತಿಯವರಿಗೆಲ್ಲ ಚಹಾ ಬಗ್ಗಿಸಿಕೊಟ್ಟೆ.