ಅಭಿಮನ್ಯುವಿನ ಮುಖ

ಗೊಥೆನ್‌ಬರ್ಗ್
೧೪ ಅಕ್ಟೋಬರ್ ೨೦೦೭

ರಘುನಾಥಣ್ಣನಿಗೆ ತಂಗಿ ರಮಾಳ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ. ನಿನ್ನೆ ನಡೆದದ್ದಕ್ಕೆ ಹೇಸಿಗೆಯಾಗಿದೆ.

ನಮ್ಮ ಮಕ್ಕಳ ಯಕ್ಷಗಾನ ತರಗತಿಯ ಹಾಲ್ ಡಿಸೆಂಬರಿಗೆ ಕೈತಪ್ಪುವುದಿತ್ತು. ಬಾಡಿಗೆ ಕಟ್ಟದಿದ್ದರೆ ತರಗತಿ ಬಂದ್. ಆಗ ಕಣ್ಣಿಗೆ ಬಿದ್ದದ್ದು ಒಂದು ದತ್ತಿಸಂಸ್ಥೆ. ಬಿಳಿಯರಲ್ಲದವರ ಕಲೆಗೆಂದೇ ಅನುದಾನವಂತೆ. ಅರ್ಜಿಯಲ್ಲಿ ತಾಳ, ಮದ್ದಳೆಯ ಸುದ್ದಿಯೇ ಇಲ್ಲ. ಮಕ್ಕಳ ಸಂಕಟ ವಿವರಿಸಿ ಎಂದಿತ್ತು. ಶನಿವಾರ ಬೆಳಿಗ್ಗೆ ಏಳುವುದೇ ದೊಡ್ಡ ಸಂಕಟ ಎಂದು ಬರೆದೆ. ನನ್ನ ಜೊತೆ ಕಲಿಸುವ ಕುಂದಾಪುರದ ಮಾರ್ಗರೆಟ್ ಅದನ್ನು ಹೊಡೆದುಹಾಕಿದಳು.

ನಿನ್ನೆ ಸಂಸ್ಥೆಯ ಬಿರ್ಗಿಟ್ಟಾ ಫೋಟೋಗ್ರಾಫರನೊಂದಿಗೆ ಬಂದಳು. ಕಾಫಿ ಬಂತು, ಬನ್ನು ಬಂತು, ಆಮೇಲೆ ಬಣ್ಣಕ್ಕೇ ಕುತ್ತು ಬಂತು. ನಮ್ಮ ತರಗತಿಯ ಪುಟ್ಟ ಪಾವನಾ ಅಭಿಮನ್ಯುವಿನ ಬಣ್ಣ ಬಳಿದು, ತಲೆಗೆ ಕೇದಗೆ ಮುಂದಲೆ ಕಟ್ಟಿ ನಿಂತಿದ್ದಳು. ಬಿರ್ಗಿಟ್ಟಾ ಕತ್ತು ವಾಲಿಸಿ, ತುಂಬ ಚೆಂದ, ಆದರೆ ಈ ಮೇಕಪ್ಪಿನಲ್ಲಿ ಮಗು ಎಲ್ಲಿಯವಳೆಂದೇ ತಿಳಿಯದು, ನಮ್ಮ ದಾನಿಗಳಿಗೆ ಕಂದು ಮುಖ ಕಾಣಬೇಕು, ಮುಖ ಒರೆಸಿ, ಟೋಪಿ ಇರಲಿ ಎಂದಳು. ಕೇದಗೆ ಮುಂದಲೆ ಟೋಪಿಯಂತೆ!

“ರಮಕ್ಕ, ಇವರಿಗೆ ಆಟ ಬೇಕಾ, ಪಾಸ್‌ಪೋರ್ಟ್ ಫೋಟೋ ಬೇಕಾ?” ಎಂದಳು ಮಾರ್ಗರೆಟ್. ನಾನು ನಕ್ಕೆ. ನಗುವೂ ಚೆನ್ನಾಗಿದೆ ಎಂದು ಫೋಟೋಗ್ರಾಫರ್ ಕ್ಲಿಕ್ಕಿಸಿದ.

ವೇಷ ಮೈಮೇಲಿರುವಾಗ ಮುಖ ಬರಿದಾಗಕೂಡದೆಂದು ಮೇಳದ ಚೌಕಿಯಲ್ಲಿ ಬಣ್ಣ ಹಚ್ಚುವಾಗ ನೀನು ಕಲಿಸಿದ್ದನ್ನು ಹೇಳಿದೆ. ಬಿರ್ಗಿಟ್ಟಾ ತಲೆಯಾಡಿಸುತ್ತ, ಬಹಳ ಗೌರವದಿಂದ, ಪ್ರತಿ ಮಾತನ್ನೂ ಬರೆದುಕೊಂಡಳು. ಬರೆದು ಮುಗಿಸಿ ಒದ್ದೆ ಟಿಶ್ಯೂ ಪೊಟ್ಟಣ ಚಾಚಿದಳು. ಇದಕ್ಕೆ ನಾನಿಲ್ಲ ಎಂದು ಮಾರ್ಗರೆಟ್ ಎದ್ದು ಹೋದಳು.

ಅಂತೂ ಫೋಟೋ ಆಯಿತು. ಕಾಡಿಗೆ ಕೆನ್ನೆಗಿಳಿದು ಮಗು ಅತ್ತಂತೆ ಕಾಣುತ್ತಾಳೆ. ಬಿರ್ಗಿಟ್ಟಾಗೆ ಅದೇ ಹಿಡಿಸಿತು. ವರದಿಯ ಮುಖಪುಟಕ್ಕೆ ಇದೇ, ಹಾಲ್ ಎರಡು ವರ್ಷ ನಿಮ್ಮದು ಎಂದು ಕೈ ಕುಲುಕಿದಳು. ದಾನಿಗಳಿಗೆ ಕರುಣೆ, ನಮಗೆ ಮನ್ನಣೆ, ಮಗುವಿಗೆ ಬವಣೆ. ಥೂ.

ಅತ್ತಿಗೆಗೆ ಇದನ್ನು ಓದಿ ಹೇಳಬೇಡ.

ನಿನ್ನ ತಂಗಿ,
ರಮಾ

ಕಾಗದದಲ್ಲಿ ಬರೆಯದೆ ಬಿಟ್ಟದ್ದು: ಟಿಶ್ಯೂ ಕಂಡೊಡನೆ ಪಾವನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. “ಒಂದೇ ನಿಮಿಷ ಪುಟ್ಟಾ, ಹಾಲ್ ಬೇಕಲ್ವಾ” ಎನ್ನುತ್ತ ಆ ಕೈ ಬಿಡಿಸಿ ಒರೆಸಿದವಳು ನಾನೇ. ಮನೆಗೆ ಬಿಡಲು ಹೊರಟಾಗ ಟ್ರಾಮಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಇನ್ನು ತರಗತಿಗೆ ಬರುವುದಿಲ್ಲ ಎಂದು ಮನೆ ಬಾಗಿಲಲ್ಲಿ ಸ್ವೀಡಿಷ್‌ನಲ್ಲಿ ಹೇಳಿದಳು. ನನ್ನ ಹತ್ತಿರ ಅವಳು ಇದುವರೆಗೆ ಕನ್ನಡವನ್ನೇ ಆಡುತ್ತಿದ್ದಳು.