ಅಂಕವಿಲ್ಲದ ಪಾಸು

ಮಾರ್ಚ್ ೧೪, ಶುಕ್ರವಾರ. ಪಿಟ್ಸ್‌ಬರ್ಗ್.

ಆರ್ಕಿಟೆಕ್ಟ್ ಪರವಾನಗಿಯ ಕೊನೆಯ ಪರೀಕ್ಷೆಯೂ ಪಾಸಾಯಿತು. ಆದರೆ ಬೆಳಗಿನಿಂದ ಅಮ್ಮನದೇ ಕಿರಿಕಿರಿ. ಲೆಕ್ಕದ ಟೀಚರಾಗಿದ್ದವಳು, ಅಂಕ ಬೇಕೇ ಬೇಕು.

“ಎಷ್ಟು ಬಂತು, ರೆನಾಟಾ?”

“ಪಾಸಾದೋರಿಗೆ ಅಂಕ ಹೇಳಲ್ಲಮ್ಮಾ. ಫೇಲಾದ್ರೆ ಮಾತ್ರ ಹೇಳೋದು.”

“ಇದ್ಯಾವ ಸೀಮೆ ಪರೀಕ್ಷೆ? ಪಕ್ಕದ್ಮನೆ ಡೊರೀನ್‌ಗೆ ಏನಂತ ಹೇಳ್ಲಿ?”

ಹಿಂದೆ ಫೇಲಾದಾಗಲೆಲ್ಲ ಅಂಕ ಬಂದಿತ್ತು, ಯಾವ ಭಾಗದಲ್ಲಿ ಎಡವಿದೆ ಎಂಬ ವಿವರವೂ ಬಂದಿತ್ತು. ಈ ಸಲ ‘ಪಾಸ್’ ಎಂಬ ಒಂದೇ ಪದ. ಈಗ ತಾನೇ ಮತ್ತೊಮ್ಮೆ ನೋಡಿ ಬಂದೆ. ಎಷ್ಟು ನೋಡಿದರೂ ಕಣ್ಣು ತಣಿದಿಲ್ಲ.

ಸಂಜೆ ಅಮ್ಮನ ಪಿರೋಗಿ ಕಡುಬು ತಿನ್ನಲು ಬಂದ ಡೊರೀನ್ ಕೂಡ ಅದನ್ನೇ ಕೇಳಿದಳು. ಅಮ್ಮ ಬಾಣಲೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು.

“ಅಂಕ ಕೊಡೋದು ಫೇಲಾದೋರಿಗೆ, ಡೊರೀನ್. ನಮ್ಮ ಹುಡುಗಿಗೆ ಯಾಕೆ ಕೊಡ್ತಾರೆ?”